ಗಾಲ್ಫ್ ಆಟದ ಲೆಕ್ಕದ ಹಾಳೆ

ಸ್ಮರಣಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಎರಡು ಮಾತು ಬರೆಯತಕ್ಕದ್ದೆಂಬುದು ನಮ್ಮ ಶಾಲೆಯ ಹಳೆಯ ರೂಢಿ. ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಈ ಪುಟವನ್ನು ತೆರೆಯುವಾಗ ಶಿಸ್ತು, ಶುಚಿತ್ವ, ಕಾಲಪಾಲನೆ ಮುಂತಾದ ಪರಿಚಿತ ವಿಷಯಗಳಲ್ಲಿ ಒಂದನ್ನು ನಿರೀಕ್ಷಿಸುವರೆಂಬುದನ್ನು ನಾವು ಬಲ್ಲೆವು. ಈ ಸಲ ನಾವು ಬರೆಯಲು ಹೊರಟಿರುವುದಾದರೋ ಗಾಲ್ಫ್ ಆಟದ ಹೊಡೆತಗಳನ್ನು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಬರೆದಿಡುವ ವಿಷಯವನ್ನು ಕುರಿತು. ಇದನ್ನು ಕೇಳಿ ಕೆಲವರಿಗೆ ನಗೆ ಬಂದೀತು. ನಾವು ಗಾಲ್ಫಿನ ಕೋಲನ್ನು ಒಂದು ದಿನವಾದರೂ ಕೈಯಲ್ಲಿ ಹಿಡಿದವರಲ್ಲ. ಖೋಖೋ ಆಟಕ್ಕೂ ಥ್ರೋಬಾಲಿಗೂ ಸ್ಥಳ ಸಾಲದಿರುವ ನಮ್ಮ ಶಾಲೆಯ ಅಂಗಳದಲ್ಲಿ ಗಾಲ್ಫಿನ ಮಾತೆಲ್ಲಿಯದು? ಆದರೂ ವಾಚಕರು ತಾಳ್ಮೆಯಿಂದ ಕಡೆಯವರೆಗೆ ಓದಿದರೆ, ಇದು ತಮ್ಮ ಮನೆಗೂ ಈ ಶಾಲೆಗೂ ಸಂಬಂಧಪಟ್ಟ ವಿಷಯವೇ ಹೌದೆಂದು ಒಪ್ಪುವರೆಂದು ನಂಬಿದ್ದೇವೆ.

ಕಳೆದ ಬೇಸಿಗೆಯ ರಜದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ನೋಡಲು ಬಂದಿದ್ದಳು. ಶಾಲೆಯಲ್ಲಿದ್ದಾಗ ಗಣಿತದ ಗಂಟೆ ಹೊಡೆದೊಡನೆ ತಲೆನೋವೆಂದು ಹೇಳಿಕೊಂಡು ಬರುತ್ತಿದ್ದ ಹುಡುಗಿ ಆಕೆ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದು, ಮೂರು ವರ್ಷಗಳಿಂದ ಶನಿವಾರಗಳಂದು ಗಾಲ್ಫ್ ಆಡುತ್ತಿರುವಳಂತೆ. ಯೋಗಕ್ಷೇಮದ ಮಾತುಗಳು ಮುಗಿದ ಬಳಿಕ ಆಕೆ ತನ್ನ ಲ್ಯಾಪ್‌ಟಾಪನ್ನು ನಮ್ಮ ಮೇಜಿನ ಮೇಲೆ ತೆರೆದು, "ಟೀಚರೇ, ನನಗೆ ಲೆಕ್ಕ ಬಾರದೆಂದು ನೀವು ಚಿಂತಿಸುತ್ತಿದ್ದಿರಲ್ಲವೇ? ಇದನ್ನು ನೋಡಿ" ಎಂದಳು. ಒಂದೊಂದು ದಿನದ ಆಟಕ್ಕೆ ಒಂದೊಂದು ಸಾಲು. ಒಂದೊಂದು ಸಂಗತಿಗೆ ಒಂದೊಂದು ಅಂಕಣ. ತಾರೀಕು, ಮೈದಾನದ ಹೆಸರು, ಒಂದರಿಂದ ಹದಿನೆಂಟರವರೆಗಿನ ಕುಳಿಗಳಲ್ಲಿ ತೆಗೆದುಕೊಂಡ ಹೊಡೆತಗಳು, ದಂಡದ ಹೊಡೆತಗಳು, ಕಡೆಗೆ ಮೊತ್ತ, ಹೀಗೆ ಅಚ್ಚುಕಟ್ಟಾಗಿ ಜೋಡಿಸಿದ್ದ ಆ ಹಾಳೆಯನ್ನು ಕಂಡು ನಮಗೆ ಬಹಳ ಸಂತೋಷವಾಯಿತು.

ಈ ಆಟವನ್ನು ಅರಿಯದವರಿಗಾಗಿ ಎರಡು ಮಾತು ಹೇಳುವುದು ಯುಕ್ತ. ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ ೧೮ ಕುಳಿಗಳಿರುತ್ತವೆ. ಆಟಗಾರ್ತಿಯು ಪ್ರತಿಯೊಂದು ಕುಳಿಗೂ ಗೊತ್ತಾದ ಸ್ಥಳದಲ್ಲಿ ನಿಂತು ಚೆಂಡನ್ನು ಹೊಡೆದು, ಫೇರ್‌ವೇ ಎಂಬ ಹುಲ್ಲುಹಾದಿಯನ್ನು ದಾಟಿ, ಗ್ರೀನ್ ಎಂಬ ನಯವಾದ ಹುಲ್ಲುಹಾಸನ್ನು ಸೇರಿ, ಅಲ್ಲಿ ಮೆಲ್ಲನೆ ತಳ್ಳಿ ಚೆಂಡನ್ನು ಕುಳಿಯೊಳಗೆ ಬೀಳಿಸಬೇಕು. ಹೀಗೆ ಮೆಲ್ಲನೆ ತಳ್ಳುವ ಹೊಡೆತಕ್ಕೆ ಪಟ್ ಎಂದು ಹೆಸರು. ನಿಪುಣರು ಒಂದು ಕುಳಿಯನ್ನು ಇಷ್ಟು ಹೊಡೆತಗಳಲ್ಲಿ ಮುಗಿಸಬಹುದೆಂಬ ಎಣಿಕೆಗೆ ಪಾರ್ ಎನ್ನುವರು. ಅದು ಕುಳಿಯ ದೂರಕ್ಕೆ ತಕ್ಕಂತೆ ೩, ೪ ಅಥವಾ ೫ ಆಗಿದ್ದು, ಹದಿನೆಂಟು ಕುಳಿಗಳಿಗೆ ಸೇರಿ ಸಾಧಾರಣವಾಗಿ ೭೦ರಿಂದ ೭೨ ಆಗುವುದು. ಹೊಡೆತಗಳು ಕಡಿಮೆಯಾದಷ್ಟೂ ಆಟವು ಉತ್ತಮ. ಕರ್ನಾಟಕಕ್ಕೆ ಇದು ಹೊಸ ಆಟವೇನೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು ೧೮೭೬ರಷ್ಟು ಹಿಂದೆ.

ಇನ್ನು ಸ್ಪ್ರೆಡ್‌ಶೀಟ್ ಎಂದು ಕರೆಯಲ್ಪಡುವ ಆ ಹಾಳೆಯ ಸಂಗತಿ. ಇದು ಹುಟ್ಟಿದ್ದು ಕಪ್ಪುಹಲಗೆಯ ಮುಂದೆ ಎಂಬುದನ್ನು ಉಪಾಧ್ಯಾಯಿನಿಯರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಬಹುದು. ೧೯೭೮ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್ ಎಂಬವರು, ಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಉಳಿದ ಅಂಕಿಗಳನ್ನೆಲ್ಲಾ ಒರಸಿ ತಿರುಗಿ ಬರೆಯಬೇಕಾಗುವ ತೊಡಕನ್ನು ಕಂಡು, ಅಂಕಿಗಳು ತಾವಾಗಿಯೇ ಸರಿಹೊಂದಿಕೊಳ್ಳುವ ಹಲಗೆಯೊಂದಿದ್ದರೆ ಎಷ್ಟು ಚೆನ್ನೆಂದು ಯೋಚಿಸಿದರು. ಮರುವರ್ಷ, ಎಂದರೆ ೧೯೭೯ರಲ್ಲಿ, ಅವರೂ ಅವರ ಸ್ನೇಹಿತರಾದ ಬಾಬ್ ಫ್ರಾಂಕ್‌ಸ್ಟನ್ ಅವರೂ ಕೂಡಿ ರಚಿಸಿದ ವಿಸಿಕ್ಯಾಲ್ಕ್ ಎಂಬ ಸಾಧನವು ಹೊರಬಂತು. ೧೯೮೩ರಲ್ಲಿ ಲೋಟಸ್ ೧-೨-೩, ೧೯೮೫ರಲ್ಲಿ ಎಕ್ಸೆಲ್ ಬಂದವು. ಇಂದು ಅಂಗಡಿಯ ಜಮಾಖರ್ಚು, ಶಾಲೆಯ ಅಂಕಪಟ್ಟಿ, ಮದುವೆಯ ಖರ್ಚು, ಎಲ್ಲವೂ ಇಂಥ ಹಾಳೆಗಳಲ್ಲಿಯೇ ನಡೆಯುತ್ತಿವೆ.

ಆಟವೆಂದರೆ ಉಲ್ಲಾಸಕ್ಕಾಗಿ ಇರುವುದು, ಅದಕ್ಕೂ ಜಮಾಖರ್ಚಿನ ಪುಸ್ತಕವೇಕೆ ಎಂದು ಕೆಲವರು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ನಮ್ಮ ವಿದ್ಯಾರ್ಥಿನಿಯು ಕೊಟ್ಟ ಉತ್ತರವು ನಮಗೆ ಒಪ್ಪಿಗೆಯಾಯಿತು. ಮೊದಲನೆಯ ವರ್ಷವೆಲ್ಲಾ ಆಕೆಯು ತನಗೆ ಗ್ರೀನಿನ ಮೇಲೆ ಪಟ್ ಮಾಡುವುದು ಬಾರದೆಂದು ನಂಬಿ, ಅದನ್ನೇ ಅಭ್ಯಾಸಮಾಡುತ್ತಿದ್ದಳಂತೆ. ಕುಳಿಯ ಅಂಚಿನವರೆಗೆ ಹೋಗಿ ನಿಂತುಬಿಡುವ ಚೆಂಡು ಮನಸ್ಸನ್ನು ಬಹಳವಾಗಿ ನೋಯಿಸುವುದರಿಂದ ಅದೊಂದೇ ನೆನಪಿನಲ್ಲಿ ಉಳಿಯುವುದು ಸಹಜ. ಆರು ತಿಂಗಳ ಕಾಲ ಹಾಳೆಯಲ್ಲಿ ಬರೆದು ನೋಡಿದಾಗ, ಹೊಡೆತಗಳು ನಷ್ಟವಾಗುತ್ತಿದ್ದದ್ದು ಅಲ್ಲಲ್ಲ, ಮೊದಲನೆಯ ಉದ್ದದ ಹೊಡೆತದಲ್ಲಿ ಚೆಂಡು ನೀರಿನ ಪಾಲಾಗಿ ದಂಡ ತೆರಬೇಕಾದ ಕಡೆಯಲ್ಲಿ ಎಂದು ತಿಳಿದುಬಂತು. ನೆನಪು ಹೇಳಿದ್ದು ಒಂದು, ಲೆಕ್ಕ ತೋರಿಸಿದ್ದು ಇನ್ನೊಂದು.

ಇದು ಆಕೆಯೊಬ್ಬಳ ಅನುಭವವಲ್ಲ. ಪಟ್ ಮಾಡುವುದರಲ್ಲಿಯೇ ಗೆಲುವಿರುವುದೆಂಬುದು ಗಾಲ್ಫ್ ಆಡುವವರಲ್ಲಿ ಬಹುಕಾಲದಿಂದ ಬಂದ ನಾಣ್ಣುಡಿ. ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಮಾರ್ಕ್ ಬ್ರಾಡಿಯವರು ಲಕ್ಷಾಂತರ ಹೊಡೆತಗಳ ದಾಖಲೆಗಳನ್ನು ಪರಿಶೀಲಿಸಿ, ಉತ್ತಮ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದೂರದ ಹೊಡೆತಗಳಿಂದಲೇ ಉಂಟಾಗುವುದೆಂದು ತೋರಿಸಿಕೊಟ್ಟರು. ಅವರ ಕ್ರಮವು ಬಹಳ ಸರಳವಾದದ್ದು. ಚೆಂಡು ಇರುವ ಸ್ಥಳದಿಂದ ಕುಳಿಗೆ ಸರಾಸರಿ ೩ ಹೊಡೆತಗಳು ಬೇಕೆಂದು ಇಟ್ಟುಕೊಳ್ಳೋಣ. ಒಂದು ಹೊಡೆತದ ಬಳಿಕ ಚೆಂಡು ಬಿದ್ದ ಸ್ಥಳದಿಂದ ಸರಾಸರಿ ೧.೮ ಹೊಡೆತಗಳು ಬೇಕಾದರೆ, ಒಂದು ಹೊಡೆತವನ್ನು ವೆಚ್ಚಮಾಡಿ ೧.೨ ಹೊಡೆತಗಳ ಕೆಲಸವನ್ನು ಸಾಧಿಸಿದಂತಾಯಿತು, ಲಾಭ ೦.೨. ಪಟ್‌ಗಳ ವಿಷಯದಲ್ಲಿ ಈ ಕ್ರಮವನ್ನು ಅಮೆರಿಕದ ಪಿಜಿಎ ಟೂರ್ ೨೦೧೧ರಿಂದ ಬಳಸತೊಡಗಿತು; ೨೦೧೪ರಲ್ಲಿ ಬ್ರಾಡಿಯವರ ಗ್ರಂಥವೂ ಪ್ರಕಟವಾಯಿತು. ಪಟ್‌ಗಳನ್ನು ಬರಿದೆ ಎಣಿಸಿದರೆ ಮೋಸಹೋಗುವುದುಂಟು. ಗ್ರೀನನ್ನು ತಪ್ಪಿಸಿ, ಹೊರಗಿನಿಂದ ಚೆಂಡನ್ನು ಕುಳಿಯ ಬಳಿಗೆ ತಂದವಳಿಗೆ ಒಂದೇ ಪಟ್ ಸಾಕಾಗುವುದು. ದೂರದಿಂದ ನೇರವಾಗಿ ಗ್ರೀನಿನ ಅಂಚಿಗೆ ಹೊಡೆದವಳಿಗೆ ಎರಡು ಬೇಕಾಗುವುದು. ಎಣಿಕೆಯನ್ನು ಮಾತ್ರ ನೋಡಿದರೆ ಮೊದಲನೆಯವಳೇ ಜಾಣೆಯೆಂದು ತೋರುವುದು. ಆದಕಾರಣ ಏನನ್ನು ಎಣಿಸುತ್ತೇವೆಂಬುದನ್ನು ಅರಿತು ಎಣಿಸಬೇಕು.

ಇಷ್ಟರವರೆಗೆ ಲೆಕ್ಕದ ಹಾಳೆಯ ಗುಣಗಳನ್ನು ಹೇಳಿದೆವು. ಅಂದು ನಾವು ಹಾಳೆಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಹೋದಂತೆ, ಶನಿವಾರಗಳ ತಾರೀಕುಗಳ ನಡುವೆ ಒಂದು ಶನಿವಾರ ಕಾಣಲಿಲ್ಲ. "ಈ ವಾರ ಆಡಲಿಲ್ಲವೇ, ಮಗೂ?" ಎಂದು ಕೇಳಿದೆವು. ಆಕೆ ಸ್ವಲ್ಪ ನಾಚಿ, "ಆಡಿದ್ದೆ, ಟೀಚರೇ. ಅಂದಿನ ಆಟ ತೀರ ಕೆಟ್ಟುಹೋಗಿತ್ತು. ಆ ಸಾಲನ್ನು ಅಳಿಸಿಬಿಟ್ಟೆ" ಎಂದಳು. ಹಾಳೆಯಲ್ಲಿ ಒಂದು ಸಾಲನ್ನು ಅಳಿಸುವುದು ಎಷ್ಟು ಸುಲಭ! ಕಾಗದದ ಪುಸ್ತಕದಲ್ಲಾದರೆ ಒರಸಿದ ಗುರುತಾದರೂ ಉಳಿಯುವುದು. ಇಲ್ಲಿ ಕೆಳಗಿನ ಸಾಲು ಮೇಲಕ್ಕೆ ಬಂದು ಕೂಡಿಕೊಳ್ಳುವುದು. ಮೊತ್ತವೂ ಸರಾಸರಿಯೂ ಕ್ಷಣಮಾತ್ರದಲ್ಲಿ ತಿದ್ದಿಕೊಳ್ಳುವುವು. ಅಲ್ಲಿ ಏನೋ ಇತ್ತೆಂಬ ಸುಳಿವೇ ಇರುವುದಿಲ್ಲ. ಆಕೆಗೆ ಅದು ಅಲ್ಪ ಸಂಗತಿ. ನಮಗಾದರೋ ಆ ಮಾತು ಮನಸ್ಸಿನಲ್ಲಿ ನಾಟಿ ನಿಂತಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುವೆವು.

ಗಾಲ್ಫ್ ಆಟದ ನಿಯಮಗಳಲ್ಲಿ ನಮಗೆ ಬಹಳ ಮೆಚ್ಚಿಗೆಯಾದದ್ದು ಒಂದುಂಟು. ಸ್ಪರ್ಧೆಯಲ್ಲಿ ಒಬ್ಬಳ ಹೊಡೆತಗಳನ್ನು ಮತ್ತೊಬ್ಬಳು ಕಾರ್ಡಿನಲ್ಲಿ ಬರೆಯುವಳು. ಆಟ ಮುಗಿದ ಬಳಿಕ ಆಟಗಾರ್ತಿಯು ಪ್ರತಿಯೊಂದು ಕುಳಿಯ ಅಂಕಿಯನ್ನೂ ನೋಡಿ, ಸರಿಯೆಂದು ರುಜುಮಾಡಿ ಒಪ್ಪಿಸಬೇಕು. ಮೊತ್ತವನ್ನು ಕೂಡಿಸುವ ಜವಾಬ್ದಾರಿಯು ಆಕೆಯದಲ್ಲ. ಅದು ಸ್ಪರ್ಧೆಯನ್ನು ನಡೆಯಿಸುವ ಸಮಿತಿಯದು. ಕುಳಿಗಳ ಅಂಕಿಗಳು ಮಾತ್ರ ಆಕೆಯವು. ಕೂಡಿಸುವ ಕೆಲಸವನ್ನು ಇತರರಿಗೆ ಬಿಡಬಹುದು, ಇಂದು ಯಂತ್ರಕ್ಕೂ ಬಿಡಬಹುದು. ನಡೆದದ್ದು ಇಷ್ಟೆಂದು ಸಾಕ್ಷಿಹೇಳುವ ಕೆಲಸವನ್ನು ಯಾರಿಗೂ ಬಿಡುವ ಹಾಗಿಲ್ಲ.

ಈ ನಿಯಮವು ಎಷ್ಟು ಕಠಿಣವಾದದ್ದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುವೆವು. ೧೯೫೭ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ವಿಂಗ್ಡ್ ಫುಟ್ ಮೈದಾನದಲ್ಲಿ ನಡೆದ ಅಮೆರಿಕದ ಮಹಿಳಾ ಓಪನ್ ಸ್ಪರ್ಧೆಯಲ್ಲಿ ಹವಾಯಿ ದ್ವೀಪದ ಜಾಕಿ ಪಂಗ್ ಎಂಬಾಕೆಯು ಎಲ್ಲರಿಗಿಂತಲೂ ಕಡಿಮೆಯಾಗಿ ೨೯೮ ಹೊಡೆತಗಳಲ್ಲಿ ಆಟವನ್ನು ಮುಗಿಸಿದರು. ಕಡೆಯ ದಿನದ ಕಾರ್ಡಿನಲ್ಲಿ ನಾಲ್ಕನೆಯ ಕುಳಿಗೆ ೬ ಎಂದಿರಬೇಕಾದ ಸ್ಥಳದಲ್ಲಿ ೫ ಎಂದು ಬರೆದಿತ್ತು. ಕೆಳಗಿನ ಮೊತ್ತವು ಸರಿಯಾಗಿಯೇ ಇತ್ತು. ಮೋಸದ ಉದ್ದೇಶವು ಲೇಶವಾದರೂ ಇರಲಿಲ್ಲ. ಆದರೂ ಒಂದು ಕುಳಿಗೆ ನಿಜಕ್ಕಿಂತ ಕಡಿಮೆಯ ಅಂಕಿಗೆ ರುಜುಮಾಡಿದ್ದರಿಂದ ಆಕೆಯನ್ನು ಸ್ಪರ್ಧೆಯಿಂದ ತೆಗೆದುಹಾಕಿ, ೨೯೯ ಹೊಡೆತಗಳ ಬೆಟ್ಸಿ ರಾಲ್ಸ್ ಅವರನ್ನು ವಿಜೇತೆಯೆಂದು ಸಾರಿದರು. ನೋಡಿದವರ ಮನ ಕರಗಿ, ಕ್ಲಬ್ಬಿನ ಸದಸ್ಯರು ತಾವೇ ಹಣ ಕೂಡಿಸಿ ಆಕೆಗೆ ಕೊಟ್ಟರಂತೆ. ೧೯೬೮ರ ಮಾಸ್ಟರ್ಸ್ ಸ್ಪರ್ಧೆಯಲ್ಲಿ ಅರ್ಜೆಂಟೀನದ ರೊಬೆರ್ತೊ ದೆ ವಿಸೆಂಜೊ ಅವರು ಕಡೆಯ ದಿನ ೬೫ ಹೊಡೆತಗಳಲ್ಲಿ ಆಡಿದರು. ಹದಿನೇಳನೆಯ ಕುಳಿಗೆ ೩ರ ಬದಲು ೪ ಎಂದು ಬರೆದಿದ್ದ ಕಾರ್ಡಿಗೆ ನೋಡದೆ ರುಜುಮಾಡಿದ್ದರಿಂದ ೬೬ ಎಂದೇ ನಿಂತುಹೋಯಿತು. ಆ ಒಂದು ಹೊಡೆತದಿಂದ, ಬಾಬ್ ಗೋಲ್ಬಿಯವರೊಡನೆ ಸಮನಾಗಿ ನಿಂತು ಮರುದಿನ ಮತ್ತೆ ಆಡುವ ಅವಕಾಶ ತಪ್ಪಿತು. ನಿಯಮವು ಅತಿ ಕಠಿಣವೆಂದು ನಮಗೂ ಅನ್ನಿಸದಿರಲಿಲ್ಲ. ಆದರೆ ಮೈದಾನದ ಮೂಲೆಮೂಲೆಯಲ್ಲಿ ತೀರ್ಪುಗಾರನನ್ನು ನಿಲ್ಲಿಸಲಾಗದ ಆಟದಲ್ಲಿ ಆಡುವವಳ ಮಾತಿಗೆ ಬೆಲೆಯಿರದಿದ್ದರೆ ಆಟವೇ ಇರದು.

ಇಷ್ಟು ಕಠಿಣವಾದ ಈ ಆಟವೇ ಮತ್ತೊಂದು ಕಡೆಯಲ್ಲಿ ಎಷ್ಟು ಉದಾರವಾಗಿದೆಯೆಂಬುದನ್ನು ನೋಡಬೇಕು. ಬೇರೆಬೇರೆ ಶಕ್ತಿಯ ಆಟಗಾರರು ಒಟ್ಟಿಗೆ ಆಡುವಂತೆ, ದುರ್ಬಲರಿಗೆ ಕೆಲವು ಹೊಡೆತಗಳ ರಿಯಾಯಿತಿಯನ್ನು ಕೊಡುವ ಏರ್ಪಾಡಿಗೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಈ ಏರ್ಪಾಡನ್ನು ಕ್ರಮಕ್ಕೆ ತಂದವರಲ್ಲಿ ಸ್ತ್ರೀಯರದೇ ಮುಂದಿನ ಸ್ಥಾನ. ಬ್ರಿಟನ್ನಿನಲ್ಲಿ ೧೮೯೩ರಲ್ಲಿ ಸ್ಥಾಪನೆಯಾದ ಲೇಡೀಸ್ ಗಾಲ್ಫ್ ಯೂನಿಯನ್ನಿನ ಮೊದಲನೆಯ ಗೌರವ ಕಾರ್ಯದರ್ಶಿನಿ ಇಸೆಟ್ ಪಿಯರ್ಸನ್ ಅವರು, ಯಾವ ಮೈದಾನದಲ್ಲಿ ಆಡಿದವಳಿಗೂ ಅನ್ವಯಿಸುವಂಥ ಒಂದೇ ಕ್ರಮವನ್ನು ಸ್ತ್ರೀಯರಿಗಾಗಿ ರೂಪಿಸಿದರು. ಬೇರೆಬೇರೆ ದೇಶಗಳ ಬೇರೆಬೇರೆ ಕ್ರಮಗಳು ಒಂದಾಗಿ ಜಗತ್ತಿಗೆಲ್ಲಾ ಒಂದೇ ಪದ್ಧತಿ ಬಂದದ್ದು ೨೦೨೦ರಲ್ಲಿ. ಗಂಡಸರಿಗೂ ಹೆಂಗಸರಿಗೂ ಅದರ ಮೇಲಿನ ಮಿತಿ ೫೪.

ಆ ಲೆಕ್ಕವನ್ನು ಮನೆಯಲ್ಲಿಯೇ ಹಾಳೆಯ ಮೇಲೆ ಮಾಡಿ ನೋಡಬಹುದು. ಸೊನ್ನೆ ಹ್ಯಾಂಡಿಕ್ಯಾಪಿನ ನಿಪುಣೆಯು ಆ ಮೈದಾನವನ್ನು ಎಷ್ಟು ಹೊಡೆತಗಳಲ್ಲಿ ಮುಗಿಸಬಹುದೆಂಬುದಕ್ಕೆ ಕೋರ್ಸ್ ರೇಟಿಂಗ್ ಎಂಬ ಒಂದು ಅಂಕಿಯುಂಟು. ಆಕೆಗೆ ಹೋಲಿಸಿದರೆ ಸಾಧಾರಣ ಆಟಗಾರ್ತಿಗೆ ಅದು ಎಷ್ಟು ಹೆಚ್ಚು ಕಷ್ಟವೆಂಬುದಕ್ಕೆ ಸ್ಲೋಪ್ ಎಂಬ ಇನ್ನೊಂದು ಅಂಕಿಯುಂಟು. ಇದರ ಪ್ರಮಾಣ ೧೧೩. ಒಬ್ಬಾಕೆ ೯೫ ಹೊಡೆತಗಳಲ್ಲಿ ಆಡಿದಳೆನ್ನೋಣ. ಕೋರ್ಸ್ ರೇಟಿಂಗ್ ೭೧, ಸ್ಲೋಪ್ ೧೨೫. ೯೫ರಲ್ಲಿ ೭೧ನ್ನು ಕಳೆದರೆ ೨೪. ಅದನ್ನು ೧೧೩ರಿಂದ ಗುಣಿಸಿ ೧೨೫ರಿಂದ ಭಾಗಿಸಿದರೆ ೨೧.೭. ಇದು ಆ ದಿನದ ಅಂಕಿ. ಇಂಥ ಇತ್ತೀಚಿನ ಇಪ್ಪತ್ತು ದಿನಗಳ ಅಂಕಿಗಳನ್ನು ಬರೆದು, ಅವುಗಳಲ್ಲಿ ಅತ್ಯುತ್ತಮವಾದ ಎಂಟನ್ನು ಆರಿಸಿ, ಆ ಎಂಟರ ಸರಾಸರಿಯನ್ನು ಆಕೆಯ ಯೋಗ್ಯತೆಗೆ ಆಧಾರವಾಗಿ ಹಿಡಿಯುವರು. ಉಳಿದ ಹನ್ನೆರಡು ದಿನಗಳ ಆಟವು ಎಷ್ಟೇ ಕೆಟ್ಟಿದ್ದರೂ ಲೆಕ್ಕಕ್ಕೆ ಬಾರದು. ಅಷ್ಟೇ ಅಲ್ಲ, ಒಂದು ಕುಳಿಯಲ್ಲಿ ಮರಳಿನೊಳಗೆ ಸಿಕ್ಕಿ ೧೨ ಹೊಡೆತಗಳನ್ನು ತೆಗೆದುಕೊಂಡರೂ, ಹ್ಯಾಂಡಿಕ್ಯಾಪಿನ ಲೆಕ್ಕದಲ್ಲಿ ಪಾರ್‌ಗಿಂತ ಎರಡು ಹೊಡೆತ, ಜೊತೆಗೆ ಆ ಕುಳಿಗೆ ಆಕೆಗೆ ಸಲ್ಲುವ ರಿಯಾಯಿತಿ, ಇಷ್ಟಕ್ಕಿಂತ ಹೆಚ್ಚಾಗಿ ಹಿಡಿಯುವುದಿಲ್ಲ. ಒಂದು ಕುಳಿಯ ದುರ್ದೈವವು ಇಡೀ ದಿನವನ್ನು ನುಂಗಬಾರದೆಂಬುದು ಇದರ ಉದ್ದೇಶ.

ಇದನ್ನು ತಿಳಿದುಕೊಂಡ ಮೇಲೆ, ನಮ್ಮ ವಿದ್ಯಾರ್ಥಿನಿಯು ಸಾಲನ್ನು ಅಳಿಸಿದ್ದರಲ್ಲಿ ಎಷ್ಟು ಅನರ್ಥವಿದೆಯೆಂಬುದು ನಮಗೆ ಸ್ಪಷ್ಟವಾಯಿತು. ಆ ಕೆಟ್ಟ ಶನಿವಾರವು ಹೇಗೂ ಎಂಟರಲ್ಲಿ ಸೇರುತ್ತಿರಲಿಲ್ಲ; ಅದನ್ನು ಮನ್ನಿಸುವ ಏರ್ಪಾಡು ಮೊದಲೇ ಇತ್ತು. ಆದರೆ ಅದು ಇಪ್ಪತ್ತರಲ್ಲಿ ಒಂದಾಗಿ ಸ್ಥಳವನ್ನು ಪಡೆದಿದ್ದರೆ, ತೀರ ಹಳೆಯದಾದ ಇಪ್ಪತ್ತೊಂದನೆಯ ದಿನವು ಹೊರಕ್ಕೆ ಹೋಗಬೇಕಾಗಿತ್ತು. ಸಾಲನ್ನು ಅಳಿಸಿದ್ದರಿಂದ ಆ ಹಳೆಯ ದಿನವು ಒಳಗೇ ಉಳಿಯಿತು. ಅದೊಂದು ಒಳ್ಳೆಯ ಆಟದ ದಿನವಾಗಿದ್ದರೆ, ಆಕೆಯ ಶಕ್ತಿಯು ಈಗ ಇರುವುದಕ್ಕಿಂತ ಹೆಚ್ಚೆಂದು ಹಾಳೆ ಹೇಳುವುದು. ಸಿಕ್ಕಬೇಕಾದ ರಿಯಾಯಿತಿ ಕಡಿಮೆಯಾಗುವುದು. ಸ್ಪರ್ಧೆಯಲ್ಲಿ ಸೋಲು ಬರುವುದು. ಅಭಿಮಾನಕ್ಕಾಗಿ ಮಾಡಿದ ಕೆಲಸದಿಂದ ಆಕೆಯು ತನ್ನ ಸಹಾಯವನ್ನು ತಾನೇ ಕಳೆದುಕೊಂಡಂತಾಯಿತು. ನೀರಿಗೆ ಬಿದ್ದ ಚೆಂಡುಗಳ ಪಾಠವೂ ಆ ಸಾಲಿನೊಡನೆಯೇ ಅಳಿಸಿಹೋಯಿತು.

ಇಪ್ಪತ್ತನ್ನೂ ಬರೆಯತಕ್ಕದ್ದು, ಎಂಟರಿಂದ ಅಳೆಯತಕ್ಕದ್ದು. ಬರೆಯುವಾಗ ದಾಕ್ಷಿಣ್ಯವಿರಬಾರದು, ಬೆಲೆಕಟ್ಟುವಾಗ ದಯೆಯಿರಬೇಕು. ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ನಡೆಯುತ್ತಿರುವುದು ಅನೇಕವೇಳೆ ಇದಕ್ಕೆ ತೀರ ವಿರೋಧವಾಗಿದೆಯೆಂಬುದು ನಮ್ಮ ಅಭಿಪ್ರಾಯ. ಬರೆಯುವಾಗ ಮುಚ್ಚಿಡುತ್ತೇವೆ, ಅಳೆಯುವಾಗ ಎಲ್ಲಕ್ಕಿಂತ ಕೆಟ್ಟ ದಿನವನ್ನೇ ಎತ್ತಿ ಹಿಡಿಯುತ್ತೇವೆ.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳತಕ್ಕದ್ದಿದೆ. ಈ ಶಾಲೆಗೆ ಬರುವುದಕ್ಕೆ ಮುಂಚೆ ನಾವು ಇನ್ನೊಂದು ಶಾಲೆಯಲ್ಲಿದ್ದಾಗ, ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನೂರಕ್ಕೆ ನೂರು ಫಲಿತಾಂಶ ಬರಬೇಕೆಂಬ ಹಂಬಲವು ನಮ್ಮನ್ನು ಹಿಡಿದಿತ್ತು. ತರಗತಿಯಲ್ಲಿ ಒಬ್ಬ ಹುಡುಗಿ ಗಣಿತದಲ್ಲಿ ಬಹಳ ಹಿಂದಿದ್ದಳು. ಆಕೆಯ ತಂದೆಯವರನ್ನು ಕರೆಯಿಸಿ, "ಈ ವರ್ಷ ಪರೀಕ್ಷೆ ಬೇಡ, ಬರುವ ವರ್ಷ ಖಾಸಗಿಯಾಗಿ ಕಟ್ಟಿಸಿ, ಅದೇ ಮಗುವಿಗೆ ಒಳ್ಳೆಯದು" ಎಂದು ಹೇಳಿ ಒಪ್ಪಿಸಿದೆವು. ಅವರು ನಮ್ಮ ಮಾತಿಗೆ ಎದುರಾಡುವವರಲ್ಲ, ಕೈಮುಗಿದು ಹೋದರು. ಫಲಿತಾಂಶವು ನೂರಕ್ಕೆ ನೂರಾಯಿತು. ಸಭೆಯಲ್ಲಿ ನಮಗೆ ಹಾರ ಹಾಕಿದರು. ಆ ಹುಡುಗಿಯು ಮರುವರ್ಷ ಪರೀಕ್ಷೆಗೆ ಕಟ್ಟಲಿಲ್ಲ. ಮತ್ತೆ ಪುಸ್ತಕವನ್ನು ಮುಟ್ಟಲೂ ಇಲ್ಲವೆಂದು ಬಹುಕಾಲದ ಮೇಲೆ ಕೇಳಿದೆವು. ನಮ್ಮ ಹಳೆಯ ವಿದ್ಯಾರ್ಥಿನಿಯು ಅಳಿಸಿದ್ದು ಒಂದು ಶನಿವಾರವನ್ನು. ನಾವು ಅಳಿಸಿದ್ದು ಒಂದು ಮಗುವನ್ನು. ನಮ್ಮ ಪಟ್ಟಿಯಲ್ಲಿಯೂ ಕೆಳಗಿನ ಸಾಲು ಮೇಲಕ್ಕೆ ಬಂದು ಸೇರಿಕೊಂಡಿತ್ತು. ಅಲ್ಲಿ ಒಬ್ಬಳಿದ್ದಳೆಂಬ ಗುರುತೇ ಇರಲಿಲ್ಲ.

ಆದುದರಿಂದ, ಆಟದ ಲೆಕ್ಕವಾಗಲಿ, ಓದಿನ ಲೆಕ್ಕವಾಗಲಿ, ಹಾಳೆಯನ್ನು ಇಡಬೇಕೆಂದಿರುವ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲನೆಯದು, ಹಾಳೆಯನ್ನು ಆಡಿದವಳೇ ಬರೆಯಲಿ. ಮೈದಾನದಲ್ಲಿ ಚಿಕ್ಕ ಕಾರ್ಡು ಸಾಕು. ಹಾಳೆಯನ್ನು ಮನೆಗೆ ಬಂದ ಮೇಲೆ ಅದೇ ದಿನ ತುಂಬಲಿ. ನಾಳೆಯೆಂದರೆ ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುವುದು. ಮಗಳ ಬದಲು ತಂದೆಯೇ ಕುಳಿತು ತುಂಬಿದರೆ ಅದು ತಂದೆಯ ಹಾಳೆಯಾಗುವುದೇ ಹೊರತು ಮಗಳದಾಗುವುದಿಲ್ಲ.

ಎರಡನೆಯದು, ಖಾಲಿ ಬಿಟ್ಟ ಮನೆಯು ಬೇರೆ, ಸೊನ್ನೆಯು ಬೇರೆ. ಹಾಳೆಗೆ ಸರಾಸರಿಯನ್ನು ಕಟ್ಟಲು ಹೇಳಿದರೆ ಅದು ಖಾಲಿ ಮನೆಗಳನ್ನು ಬಿಟ್ಟು ಎಣಿಸುವುದು. ಸೊನ್ನೆಯನ್ನಾದರೋ ಸೇರಿಸಿಕೊಂಡೇ ಎಣಿಸುವುದು. ಮಳೆ ಬಂದು ಆಡಲಾಗದ ಕುಳಿಗೆ ಸೊನ್ನೆಯನ್ನು ಹಾಕಿದರೆ ಸರಾಸರಿಯು ಸುಳ್ಳಾಗಿ ಇಳಿದು, ಆಡದೆಯೇ ಜಾಣೆಯಾದಂತೆ ತೋರುವುದು. ಜ್ವರದಿಂದ ಮಲಗಿದ್ದ ಮಗುವಿನ ಅಂಕದ ಮನೆಯಲ್ಲಿ ಸೊನ್ನೆಯನ್ನು ಬರೆದರೆ ಅದು ಬಾರದವಳಲ್ಲ, ಬರೆದೂ ಏನೂ ತಿಳಿಯದವಳು ಎಂದಾಗುವುದು. ಯಂತ್ರಕ್ಕೆ ಈ ಭೇದವು ಗೊತ್ತು. ಮನುಷ್ಯರಾದ ನಾವು ಮರೆಯಬಾರದು.

ಮೂರನೆಯದು, ಪಕ್ಕದವಳ ಸಾಲನ್ನು ತಂದು ಸೇರಿಸಬೇಡಿರಿ. ಒಬ್ಬ ತಂದೆಯವರು ತಮ್ಮ ಮಗಳ ಅಂಕಗಳನ್ನೂ ಆಕೆಯ ಗೆಳತಿಯ ಅಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು, ಕೆಂಪುಗೆರೆ ನೀಲಿಗೆರೆಗಳ ನಕ್ಷೆಯನ್ನೂ ಎಳೆದು ನಮಗೆ ತಂದು ತೋರಿಸಿದರು. ಅವರ ಶ್ರಮವನ್ನು ನಾವು ಹಳಿಯುವುದಿಲ್ಲ. ಆದರೆ ಆ ನಕ್ಷೆಯಲ್ಲಿ ಮಗಳು ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದ್ದಾಳೆಂಬುದು ಕಾಣುತ್ತಲೇ ಇರಲಿಲ್ಲ. ಎರಡು ಗೆರೆಗಳ ನಡುವಿನ ಸಂದು ಮಾತ್ರ ಕಾಣುತ್ತಿತ್ತು. ಹ್ಯಾಂಡಿಕ್ಯಾಪಿನ ಲೆಕ್ಕದಲ್ಲಿ ಮೈದಾನದ ಕಷ್ಟಕ್ಕೂ ಒಂದು ಅಂಕಿಯನ್ನು ಕೊಟ್ಟಿರುವರು. ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಂಡು, ನೀರು ಹೊತ್ತು ತಂದು, ಮತ್ತೆ ಓದಿಗೆ ಕೂರುವ ಹುಡುಗಿಯ ಮೈದಾನಕ್ಕೆ ಯಾವ ಸ್ಲೋಪನ್ನು ಕೊಡೋಣ?

ಕೆಟ್ಟ ದಿನಗಳನ್ನೆಲ್ಲಾ ಬರೆದಿಟ್ಟರೆ ಮಕ್ಕಳು ಎದೆಗುಂದುವರಲ್ಲವೇ ಎಂದು ನಮ್ಮ ಉಪಾಧ್ಯಾಯಿನಿಯೊಬ್ಬರು ಆಕ್ಷೇಪಿಸಿದರು. ಆ ಭಯವು ನಿರಾಧಾರವಲ್ಲ. ಬರೆದದ್ದನ್ನು ಬೈಯುವುದಕ್ಕೆ ಬಳಸುವ ಮನೆಯಲ್ಲಿ ಯಾವ ಮಗುವೂ ನಿಜವನ್ನು ಬರೆಯದು. ದಯೆಯಿಂದ ಅಳೆಯುವರೆಂಬ ಭರವಸೆಯಿದ್ದರೆ ಮಾತ್ರ ಇಪ್ಪತ್ತನ್ನೂ ಬರೆಯುವ ಧೈರ್ಯ ಬರುವುದು. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಕಡೆಯದಾಗಿ ಬೆಂಗಳೂರಿನ ಮಗಳೊಬ್ಬಳ ಲೆಕ್ಕವನ್ನು ನೆನೆಯೋಣ. ೧೯೯೮ರಲ್ಲಿ ಅಲ್ಲಿ ಹುಟ್ಟಿದ ಅದಿತಿ ಅಶೋಕ್ ಅವರು ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿಗೆ ಹೋದಾಗ ಹದಿನೆಂಟು ವರ್ಷದ ಹುಡುಗಿ. ಅಂದು ಅವರಿಗೆ ೪೧ನೆಯ ಸ್ಥಾನ. ೨೦೨೧ರ ಆಗಸ್ಟಿನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕು ದಿನಗಳಲ್ಲಿ ೬೭, ೬೬, ೬೮, ೬೮, ಕೂಡಿ ೨೬೯ ಹೊಡೆತಗಳು. ಚಿನ್ನವನ್ನು ಗೆದ್ದ ನೆಲ್ಲಿ ಕೋರ್ಡಾ ಅವರದು ೨೬೭. ಬೆಳ್ಳಿಗೂ ಕಂಚಿಗೂ ಪಾತ್ರರಾದ ಮೋನೆ ಇನಾಮಿ, ಲಿಡಿಯಾ ಕೋ ಇಬ್ಬರದೂ ೨೬೮. ನಮ್ಮವರು ನಾಲ್ಕನೆಯವರಾದರು. ನಾಲ್ಕು ದಿನಗಳ ಆಟದಲ್ಲಿ ಒಂದೇ ಒಂದು ಹೊಡೆತ! ಪದಕದ ಪಟ್ಟಿಯನ್ನು ಮಾತ್ರ ನೋಡುವವರಿಗೆ ಅಲ್ಲಿ ಏನೂ ಇಲ್ಲ. ೪೧ರ ಸಾಲಿನ ಕೆಳಗೆ ೪ರ ಸಾಲನ್ನು ನೋಡುವವರಿಗೆ ಐದು ವರ್ಷಗಳ ದುಡಿಮೆಯು ಕಾಣುವುದು. ಟೋಕಿಯೋದಲ್ಲಿ ಅವರ ಕೋಲುಗಳ ಚೀಲವನ್ನು ಹೊತ್ತು ಜೊತೆಯಲ್ಲಿ ನಡೆದವರು ಅವರ ತಾಯಿ. ಕ್ಯಾಡಿಯಾದವಳು ಚೀಲವನ್ನು ಹೊರಬಹುದು, ದೂರವನ್ನು ಹೇಳಬಹುದು, ಧೈರ್ಯವನ್ನು ಕೊಡಬಹುದು. ಹೊಡೆತವನ್ನು ಮಾತ್ರ ಮಗಳೇ ಹೊಡೆಯಬೇಕು. ತಾಯಿತಂದೆಗಳಿಗೂ ಉಪಾಧ್ಯಾಯಿನಿಯರಿಗೂ ಸಲ್ಲುವ ಕೆಲಸವು ಇದಕ್ಕಿಂತ ಹೆಚ್ಚಿನದೂ ಅಲ್ಲ, ಕಡಿಮೆಯದೂ ಅಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯು ಬೆಂಗಳೂರಿಗೆ ಹಿಂದಿರುಗಿ ಒಂದು ವಾರವಾದ ಮೇಲೆ, ಚೀಲದ ಜೇಬಿನಲ್ಲಿ ಆ ಶನಿವಾರದ ಕಾರ್ಡು ಸಿಕ್ಕಿತೆಂದೂ, ಸಾಲನ್ನು ತಿರುಗಿ ಬರೆದಿರುವುದಾಗಿಯೂ ತಿಳಿಸಿದಳು. ಅಂದು ಆಕೆ ಹೊಡೆದದ್ದು ೧೧೮. ನಾವು ಅಳಿಸಿದ ಸಾಲಿಗೆ ಕಾರ್ಡು ಎಲ್ಲಿಯೂ ಸಿಕ್ಕದು. ನಮ್ಮಿಂದ ಆಗುವುದು ಇಷ್ಟೇ: ಈ ಸಂಚಿಕೆಯಲ್ಲಿ ನಮ್ಮ ಶಾಲೆಯ ಈ ವರ್ಷದ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನೂ ಅಚ್ಚುಹಾಕಿಸಿದ್ದೇವೆ. ಅದು ನೂರಕ್ಕೆ ನೂರಾಗಿಲ್ಲ. ಹತ್ತನೆಯ ತರಗತಿಯಲ್ಲಿ ಓದಿದ ಒಬ್ಬ ಹುಡುಗಿಯನ್ನಾದರೂ ನಾವು ಪರೀಕ್ಷೆಗೆ ಕಟ್ಟದಂತೆ ತಡೆದಿಲ್ಲ. ತೇರ್ಗಡೆಯಾಗದವರಿಗಾಗಿ ಸಾಯಂಕಾಲದ ಪಾಠಗಳು ಆಗಲೇ ಪ್ರಾರಂಭವಾಗಿವೆ. ವಾಚಕರು ಆ ಪುಟವನ್ನು ನೋಡುವಾಗ ಇದನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.